ಅವಳ ಕಾಲಿಗೆ ಒಗ್ಗಿದ ಕಾರು

“ಗುರುಗಳೇ, ದಿನವೂ ಓಡಿಸುವ ಸ್ಪೋರ್ಟ್ಸ್ ಕಾರಿಗೆ ಇನ್ನೂ ದೊಡ್ಡ ಟರ್ಬೊ ಹಾಕಬೇಕೆಂದರೆ, ನಂಬಿ ಹಾಕಬಹುದಾದದ್ದು ಯಾವುದು?” ಎಂದು ಲೋಹಿತ ಕೇಳಿದ.

ಗುರುಗಳೆಂದರೆ ಕಾವಿ ಉಟ್ಟವರಲ್ಲ. ಬೈಪಾಸ್ ಪಕ್ಕದ ತಗಡಿನ ಶೆಡ್ಡಿನಲ್ಲಿ ತಲೆ ನರೆಯುವವರೆಗೆ ಎಂಜಿನ್ ಬಿಚ್ಚಿ ಜೋಡಿಸಿದವರು. ಅವರಲ್ಲಿ ಕೆಲಸ ಕಲಿತವರು ಜಿಲ್ಲೆಯ ತುಂಬ ಇದ್ದಾರೆ, ಎಲ್ಲರೂ ಅವರನ್ನು ಗುರುಗಳೇ ಎಂದೇ ಕರೆಯುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೈಸಿಕೊಳ್ಳದೆ ಅವರಲ್ಲಿ ಕಲಿತವರು ಯಾರೂ ಇಲ್ಲ. ಲೋಹಿತ ಅವರ ಈಗಿನ ಶಿಷ್ಯ. ಹೋದ ವರ್ಷ ಮದುವೆಯಾಗಿತ್ತು, ಈ ವರ್ಷ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ.

ಅವನು ಸುಮ್ಮನೆ ಕೇಳಿರಲಿಲ್ಲ. ಯಾವುದರ ಬೇರಿಂಗು ಬೇಗ ಸವೆಯುತ್ತದೆ, ಯಾವುದು ಎಷ್ಟು ಬಿಸಿ ತಡೆಯುತ್ತದೆ, ಯಾವುದಕ್ಕೆ ಎಣ್ಣೆ ಹೆಚ್ಚು ಬೇಕು, ಎಲ್ಲವನ್ನೂ ಓದಿಕೊಂಡು ಬಂದಿದ್ದ. ಅದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

“ಇಷ್ಟೆಲ್ಲ ಗೊತ್ತಿದ್ದ ಮೇಲೆ ನನ್ನನ್ನೇಕೆ ಕೇಳುತ್ತೀಯ?” ಎಂದರು ಗುರುಗಳು.

“ನೀವೊಂದು ಮಾತು ಹೇಳಿದರೆ ನನಗೆ ಧೈರ್ಯ.”

“ಹಾಗಾದರೆ ಕೂತುಕೋ. ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೂ ಧೈರ್ಯ ಉಳಿದಿದ್ದರೆ ನಾಳೆಯೇ ಹಾಕೋಣ.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಿಗ್ಗೆ ಮೆಟ್ಟಿಲಿಳಿದರೆ ಕೆಲಸ, ಸಂಜೆ ಮೆಟ್ಟಿಲು ಹತ್ತಿದರೆ ಊಟ. ಅಂಥವನಿಗೆ ಸೈಕಲ್ಲೂ ಬೇಕಿರಲಿಲ್ಲ. ಆದರೂ ಸ್ಪೋರ್ಟ್ಸ್ ಕಾರಿನ ಹುಚ್ಚು ಚಿಕ್ಕಂದಿನಿಂದ ಅವನ ತಲೆ ಹೊಕ್ಕಿತ್ತು. ವ್ಯಾಪಾರ ಕುದುರಿದಾಗ ಒಂದನ್ನು ಕೊಂಡ. ಭಾನುವಾರ ಅಂಗಡಿಗೆ ರಜ. ಅವತ್ತು ಹೆದ್ದಾರಿಗೆ ಹೋಗಿ, ಮನಸ್ಸು ತಣಿಯುವಷ್ಟು ಓಡಿಸಿ ಬರುತ್ತಿದ್ದ.

ಉಳಿದ ದಿನಗಳಲ್ಲಿ ಕಾರನ್ನು ಓಡಿಸುತ್ತಿದ್ದವಳು ಅವನ ಹೆಂಡತಿ. ಅವಳು ಘಟ್ಟದ ಮೇಲಿನ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಬೆಳಿಗ್ಗೆ ಘಟ್ಟ ಹತ್ತಬೇಕು, ಸಂಜೆ ಇಳಿಯಬೇಕು. ವ್ಯಾಪಾರಿಯ ತಾಯಿಯ ತಂಗಿ ಅದೇ ಊರಿನಲ್ಲಿದ್ದರು. ಹಾಗಾಗಿ ಶುಕ್ರವಾರ ಅತ್ತೆಯೂ ಸೊಸೆಯ ಪಕ್ಕ ಕೂತು ತಂಗಿಯ ಮನೆಗೆ ಹೋಗಿಬರುತ್ತಿದ್ದರು. ಮಗ ಓಡಿಸಿದರೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ ಮುದುಕಿ, ಸೊಸೆ ಓಡಿಸಿದರೆ ನಿದ್ದೆ ಹೋಗುತ್ತಿದ್ದರು.

ಘಟ್ಟದ ರಸ್ತೆ ಅವಳಿಗೆ ಪಾಠವಾಗಿತ್ತು. ಯಾವ ಏರಿನಲ್ಲಿ ಎಷ್ಟು ಒತ್ತಿದರೆ ಕಾರು ಎಷ್ಟು ಮುಂದೆ ಹೋಗುತ್ತದೆ ಎಂಬುದು ಅವಳ ತಲೆಗಿಂತ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಲಾರಿ ತೆವಳುತ್ತಿದ್ದರೆ, ರಸ್ತೆ ಕಾಣುವ ತನಕ ಕಾಯುವಳು. ಕಂಡ ಕೂಡಲೇ ಬಲಕ್ಕೆ ಬಂದು, ಒತ್ತಿ, ದಾಟಿ, ತನ್ನ ಜಾಗಕ್ಕೆ ಸೇರಿಕೊಳ್ಳುವಳು. ಅಷ್ಟು ವರ್ಷಗಳಲ್ಲಿ ಆ ಕಾರಿಗೆ ಅವಳ ಕೈಯಲ್ಲಿ ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಭಾನುವಾರ ಹೆದ್ದಾರಿಯಲ್ಲಿ ವ್ಯಾಪಾರಿಯ ಗೆಳೆಯನ ಕಾರು ಅವನ ಕಾರನ್ನು ಹಿಂದೆ ಹಾಕಿತು. ಗೆಳೆಯ ದೊಡ್ಡ ಟರ್ಬೊ ಹಾಕಿಸಿದ್ದ. ಅಷ್ಟೇ ನಡೆದದ್ದು. ಆದರೆ ವ್ಯಾಪಾರಿಗೆ ಅವತ್ತು ಊಟ ಸೇರಲಿಲ್ಲ. ನಾವೂ ಒಂದು ದೊಡ್ಡ ಟರ್ಬೊ ಹಾಕಿಸೋಣ ಎಂದು ಹೆಂಡತಿಯ ಮುಂದೆ ಮಾತು ತೆಗೆದ.

“ಬೇಡ ರೀ. ಈ ಕಾರು ನನ್ನ ಕಾಲಿಗೆ ಒಗ್ಗಿದೆ. ಇದಕ್ಕೆ ಕೈ ಹಾಕಬೇಡಿ,” ಎಂದಳು ಅವಳು.

“ಆಯ್ತು ಬಿಡು,” ಎಂದ.

ಇಲ್ಲಿ ಗುರುಗಳು ಲೋಹಿತನ ಕಡೆ ನೋಡಿದರು. “ಗಂಡ ಇಷ್ಟು ಬೇಗ ‘ಆಯ್ತು ಬಿಡು’ ಎಂದರೆ ಹೆಂಡತಿ ಎಚ್ಚರವಾಗಬೇಕು. ಪಾಪ, ಅವಳು ನಂಬಿದಳು,” ಎಂದು ಕತೆ ಮುಂದುವರಿಸಿದರು.

ವ್ಯಾಪಾರಿ ಪಕ್ಕದ ಜಿಲ್ಲೆಯ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಹೋದ. ಟರ್ಬೊ ಹಾಕುವುದರಲ್ಲಿ ಅವನ ಹೆಸರು ದೊಡ್ಡದು. ಟರ್ಬೊ ಎಂದರೆ ಮಂತ್ರವೇನಲ್ಲ. ಎಂಜಿನ್ ಉಗುಳುವ ಹೊಗೆಯ ಬಲದಿಂದ ತಿರುಗಿ, ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಆ ಮೆಕ್ಯಾನಿಕ್ ಮೇಜಿನ ಮೇಲೆ ಎರಡು ಟರ್ಬೊ ಇಟ್ಟ. ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಬಲು ದೊಡ್ಡದು.

“ಇವೆರಡೂ ಗಟ್ಟಿ ಸಾರ್. ಕೆಟ್ಟು ನಿಲ್ಲೋ ಮಾಲಲ್ಲ. ಚಿಕ್ಕದು ಕಾಲಿಟ್ಟ ಕೂಡಲೇ ಎಳೆಯುತ್ತೆ, ನಿಮ್ಮ ಹಳೇದರ ಹಾಗೇ. ದೊಡ್ಡದು ಹಂಗಲ್ಲ. ಅದಕ್ಕೆ ತಿರುಗೋಕೆ ಹೊತ್ತು ಬೇಕು. ಒತ್ತಿದ್ರೆ ಮೊದಲು ಏನೂ ಆಗಲ್ಲ. ಆಮೇಲೆ ಒಂದೇ ಸಲ ಬರುತ್ತೆ ನೋಡಿ, ಹಿಡಿಯೋಕಾಗಲ್ಲ. ಕಾಲು ಅದನ್ನ ಹೊಸದಾಗಿ ಕಲೀಬೇಕು. ಈ ಕಾರನ್ನ ದಿನಾ ಓಡಿಸೋರು ಯಾರು?”

“ನಾನೇ. ಆ ದೊಡ್ಡದನ್ನೇ ಹಾಕಿ,” ಎಂದ ವ್ಯಾಪಾರಿ.

ಹೆಂಡತಿ ಎಂದಿದ್ದರೆ ಮೆಕ್ಯಾನಿಕ್ ಅವಳನ್ನು ಕರೆತರಲು ಹೇಳುತ್ತಿದ್ದ. ಅದು ಅವನ ಪದ್ಧತಿ. ದಿನಾ ಓಡಿಸುವವರ ಪಕ್ಕದಲ್ಲಿ ತಾನು ಕೂತು, ಖಾಲಿ ರಸ್ತೆಯಲ್ಲಿ ಓಡಿಸಿ, ಅವರ ಕಾಲು ಪಳಗಿತು ಎಂದು ಅನ್ನಿಸಿದ ಮೇಲೆಯೇ ಕೀ ಕೊಡುತ್ತಿದ್ದ. ಹೆಂಡತಿ ಬಂದರೆ ಗುಟ್ಟು ರಟ್ಟಾಗುತ್ತದೆ ಎಂಬುದು ವ್ಯಾಪಾರಿಗೆ ಗೊತ್ತಿತ್ತು. ಆದ್ದರಿಂದ ತಾನೇ ಕೂತ. ತಾನೇ ಓಡಿಸಿದ. ಮೊದಲು ಎಡವಿದ, ಬೈಸಿಕೊಂಡ, ಮೆಲ್ಲಗೆ ಕಲಿತ. ಟರ್ಬೊ ಒಮ್ಮೆಗೇ ಹಿಡಿದು ಕಾರು ಮುನ್ನುಗ್ಗಿದಾಗ ಖುಷಿಯಿಂದ ಕೂಗಿಬಿಟ್ಟ.

ಮನೆಗೆ ಬಂದು, ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದೆ ಎಂದ.

ಅವನು ಕೆಟ್ಟವನಲ್ಲ ಲೋಹಿತ. ಅದನ್ನೂ ತಿಳಿದುಕೋ. ಭಾನುವಾರ ಅವಳನ್ನು ಹೆದ್ದಾರಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿ, ಕಾರು ಹಾರಿಸಿ, ಆಮೇಲೆ ಹೇಳೋಣ ಎಂದುಕೊಂಡಿದ್ದ. ಮೊದಲು ಬೈದರೂ ಕೊನೆಗೆ ನಕ್ಕೇ ನಗುತ್ತಾಳೆ ಎಂದು ನಂಬಿದ್ದ.

ಗುರುವಾರ ಸಂಜೆ ಹೆಂಡತಿ ಸ್ಕೂಲಿನಿಂದ ಬಂದು ಚಪ್ಪಲಿ ಬಿಡುತ್ತ ಹೇಳಿದಳು: “ರೀ, ಕಾರು ಯಾಕೋ ಮಂಕಾಗಿದೆ. ಒತ್ತಿದ್ರೂ ಹೋಗಲ್ಲ ಅನ್ನಿಸ್ತು. ಇವತ್ತು ಯಾವ ಲಾರಿನೂ ದಾಟೋಕೆ ಹೋಗಲಿಲ್ಲ. ಸರ್ವಿಸ್‌ನವರು ಏನು ಮಾಡಿದ್ರೋ.”

ವ್ಯಾಪಾರಿ ಕಾಫಿ ಕುಡಿಯುತ್ತಿದ್ದ. “ಕಾರಿಗೇನೂ ಆಗಿಲ್ಲ. ನಿನ್ನ ಕಾಲಿಗೆ ವಯಸ್ಸಾಯ್ತು ಅಷ್ಟೇ,” ಎಂದು ನಕ್ಕ.

ಅವಳೂ ನಕ್ಕಳು.

“ಅಯ್ಯೋ, ಆಗಲಾದರೂ ಹೇಳಬಾರದಿತ್ತೇ?” ಎಂದ ಲೋಹಿತ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ನನ್ನನ್ನು ಕೇಳಿದರೆ? ಭಾನುವಾರ ಹೇಳುವವನಿದ್ದ. ಮರುದಿನ ಶುಕ್ರವಾರ,” ಎಂದರು ಗುರುಗಳು.

ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಹೊರಟರು. ಅವತ್ತು ಸ್ಕೂಲಿನಲ್ಲಿ ಪರೀಕ್ಷೆ, ತಡವಾಗುವಂತಿರಲಿಲ್ಲ. ಘಟ್ಟದ ನಡುವೆ ಒಂದು ಲಾರಿ ತೆವಳುತ್ತಿತ್ತು. ಅವಳು ಕಾದಳು. ರಸ್ತೆ ನೇರವಾಯಿತು. ದೂರದಲ್ಲಿ ಒಂದು ಟೆಂಪೊ ಬರುತ್ತಿತ್ತು. ಅಷ್ಟು ದೂರದಲ್ಲಿ ಟೆಂಪೊ ಇದ್ದಾಗ ಅವಳು ಎಷ್ಟೋ ಸಲ ದಾಟಿದ್ದಳು. ಬಲಕ್ಕೆ ಬಂದು, ಎಂದಿನಂತೆ ಒತ್ತಿದಳು.

ಕಾರು ಹೋಗಲಿಲ್ಲ.

ಇನ್ನಷ್ಟು ಒತ್ತಿದಳು. ಹೋಗಲಿಲ್ಲ. ಟೆಂಪೊ ಹತ್ತಿರ ಬಂತು. ದಾಟಲಾಗದು ಎಂದು ತಿಳಿದು, ಲಾರಿಯ ಹಿಂದಕ್ಕೆ ಸೇರಿಕೊಳ್ಳಲು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. ಕಾಲು ಇನ್ನೂ ಪೂರ್ತಿ ಮೇಲೆ ಬಂದಿರಲಿಲ್ಲ. ಅದೇ ಗಳಿಗೆಗೆ ಟರ್ಬೊ ಹಿಡಿಯಿತು. ಕಾರು ಒಮ್ಮೆಗೇ ಮುಂದಕ್ಕೆ ನುಗ್ಗಿ ಲಾರಿಯ ಹಿಂಭಾಗದ ಕೆಳಗೆ ಹೊಕ್ಕಿತು. ಎಡಭಾಗ ಪೂರ್ತಿ ನಜ್ಜುಗುಜ್ಜಾಯಿತು. ಎಡಗಡೆ ಕೂತಿದ್ದವರು ಅತ್ತೆ. ನಿದ್ದೆಯಲ್ಲಿದ್ದರು.

ಲೋಹಿತ ಮುಂದಕ್ಕೆ ಬಾಗಿದ.

“ಸತ್ತುಹೋದರೇ?”

“ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಇನ್ನು ನಡೆಯುವುದಿಲ್ಲ ಎಂದರು ಡಾಕ್ಟರು. ಅದನ್ನು ಕೇಳಿ ಮಗ ಆಸ್ಪತ್ರೆಯ ಗೋಡೆ ಹಿಡಿದುಕೊಂಡು ನಿಂತ. ಆದರೆ ಎದೆ ಒಡೆಯುವ ಮಾತು ಇನ್ನೂ ಮುಂದಿದೆ.”

ಸೊಸೆಯ ಬಲಗೈ ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದಿತ್ತು. ನೆಂಟರೆಲ್ಲ ಬಂದು ವಾರ್ಡಿನ ಹೊರಗೆ ಸೇರಿದರು. ಅವಳಿಗೆ ಕೇಳಿಸುವಷ್ಟು ಜೋರಾಗಿಯೇ ಮಾತನಾಡಿಕೊಂಡರು. “ಅಂಥ ಕಾರನ್ನ ಹೆಂಗಸರ ಕೈಗೆ ಕೊಟ್ರೆ ಇನ್ನೇನಾಗುತ್ತೆ?” ಎಂದರು ಒಬ್ಬರು. “ನಮ್ಮಕ್ಕನ್ನ ಹಾಸಿಗೆ ಹಿಡಿಸಿಬಿಟ್ಟಳು,” ಎಂದು ಅತ್ತೆಯ ತಂಗಿ ಎದೆ ಬಡಿದುಕೊಂಡು ಅತ್ತರು. ವ್ಯಾಪಾರಿ ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತಿದ್ದ. ಅವನನ್ನು ತೋರಿಸಿ ಸೋದರಮಾವ ಹೇಳಿದರು: “ನೋಡಿ, ಹೆಂಡತಿಗೆ ಒಂದು ಮಾತು ಅನ್ನಲಿಲ್ಲ. ಚಿನ್ನದಂಥ ಗಂಡ.”

ಚಿನ್ನದಂಥ ಗಂಡ ಎದ್ದು ಮೆಕ್ಯಾನಿಕ್ಕನಿಗೆ ಫೋನ್ ಮಾಡಿದ. ಟರ್ಬೊ ಕೆಟ್ಟಿರಬೇಕು ಎಂಬ ಆಸೆ ಅವನಿಗೆ. ಕೆಟ್ಟಿದ್ದರೆ ತಪ್ಪು ಟರ್ಬೊದ್ದು, ಇಲ್ಲವೇ ಹಾಕಿದವನದು. ಮೆಕ್ಯಾನಿಕ್ ಅಷ್ಟು ದೂರದಿಂದ ಓಡಿ ಬಂದ. ಪೊಲೀಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿದ್ದ ಕಾರಿನ ಬಾನೆಟ್ಟನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ತೆಗೆದ. ಕೈ ಒಳಗೆ ಹಾಕಿ ಪೈಪನ್ನು ಕಳಚಿದ. ಬೆರಳ ತುದಿಯಿಂದ ಟರ್ಬೊದ ಚಕ್ರವನ್ನು ಮುಟ್ಟಿದ. ಚಕ್ರ ಸದ್ದಿಲ್ಲದೆ ಸುಯ್ಯನೆ ತಿರುಗಿತು.

“ಇದಕ್ಕೇನೂ ಆಗಿಲ್ಲ ಸಾರ್. ಇನ್ನೂ ಹತ್ತು ವರ್ಷ ಓಡುತ್ತೆ,” ಎಂದ. ಬ್ರೇಕ್ ನೋಡಿದ, ಸರಿ ಇತ್ತು. ಸ್ಟೀರಿಂಗ್ ನೋಡಿದ, ಸರಿ ಇತ್ತು. ಆಮೇಲೆ ತಲೆಯೆತ್ತಿ ಕೇಳಿದ: “ನಿಮ್ಮ ಮೈಮೇಲೆ ಒಂದು ಗಾಯವೂ ಇಲ್ಲವಲ್ಲ ಸಾರ್. ಓಡಿಸ್ತಿದ್ದೋರು ಯಾರು?”

“ನನ್ನ ಹೆಂಡತಿ.”

“ಅವರಿಗೆ ಟರ್ಬೊ ವಿಷಯ ಹೇಳಿದ್ರಾ?”

ವ್ಯಾಪಾರಿ ಮುಖ ಬೇರೆ ಕಡೆ ತಿರುಗಿಸಿದ. ಮೆಕ್ಯಾನಿಕ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. “ಏನು ಮಾಡಿಬಿಟ್ರಿ ಸಾರ್,” ಎಂದ.

ಅಲ್ಲಿಂದ ವ್ಯಾಪಾರಿ ನೇರವಾಗಿ ಆಸ್ಪತ್ರೆಗೆ ಬಂದ. ಹೇಳಿಯೇ ತೀರಬೇಕು ಎಂದು ನಿಶ್ಚಯಿಸಿಕೊಂಡು ಬಂದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಂಚದ ಪಕ್ಕ ಕೂತ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ತನ್ನ ಎಡಗೈಯಿಂದ ಅವನ ಕೈ ಹಿಡಿದುಕೊಂಡಳು.

“ರೀ, ನೀವು ಹೇಳಿದ್ದೇ ನಿಜ. ಕಾರಿಗೇನೂ ಆಗಿರಲಿಲ್ಲ. ನನ್ನ ಕಾಲೇ ಸರಿ ಇಲ್ಲ. ಒತ್ತಿದೆ ಅಂದ್ಕೊಂಡೆ, ಒತ್ತಿರಲಿಲ್ಲವೇನೋ. ಆಮೇಲೆ ಗಾಬರೀಲಿ ಜಾಸ್ತಿ ಒತ್ತಿಬಿಟ್ಟೆ. ನಂಬಿ ನನ್ನ ಪಕ್ಕ ಮಲಗಿದ್ರು ಅತ್ತೆ. ಅವರ ಕಾಲನ್ನ ನಾನೇ ಕಿತ್ಕೊಂಡೆ. ಇನ್ನು ಸ್ಟೀರಿಂಗ್ ಮುಟ್ಟಲ್ಲ. ಸ್ಕೂಲಿಗೂ ರಾಜೀನಾಮೆ ಕೊಡ್ತೀನಿ. ಅತ್ತೇನ ನೋಡಿಕೊಂಡು ಮನೇಲೇ ಇದ್ದುಬಿಡ್ತೀನಿ. ನಿಮ್ಮಮ್ಮನ್ನ ಹೀಗೆ ಮಾಡಿದೀನಿ, ನನ್ನನ್ನ ಕ್ಷಮಿಸಿಬಿಡಿ ರೀ.”

ಹೀಗೆ ಹೇಳಿ ಅವಳು ಅವನ ಕೈಗೆ ಹಣೆ ಒತ್ತಿ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಪಕ್ಕದಲ್ಲಿದ್ದ ಬಟ್ಟೆ ತೆಗೆದುಕೊಂಡು ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸತೊಡಗಿದರು. ಲೋಹಿತನಿಗೆ ತಾನು ಕೇಳಿದ ಪ್ರಶ್ನೆ ಮರೆತೇಹೋಗಿತ್ತು.

“ಗುರುಗಳೇ, ಅವಳು ಹಾಗೆ ಕೇಳಿದ ಮೇಲೆ ಅವನು ನಿಜ ಹೇಳಿದನಲ್ಲವೇ?”

“ಇಲ್ಲ ಲೋಹಿತ, ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದ.”