ಬೆವರಿದ ಗೋಡೆಗಳು

ಹಿಮಾಲಯದ ಎತ್ತರದ ಕಣಿವೆಯೊಂದರಲ್ಲಿ ಖರ್ಸೆ ಎಂಬ ಪುಟ್ಟ ಊರು. ಆ ಊರಿನಲ್ಲಿ ಅಂಗ್ಮೋ ಎಂಬ ಹೆಂಗಸಿದ್ದಳು. ಕರಡಿಗೆ ಹೆದರದವಳು, ಕಡಿದಾದ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಒಬ್ಬಳೇ ಇಳಿಯುವವಳು, ಚಳಿ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಬೆವರುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಒಂದು ಚಳಿಗಾಲ ಅವಳ ಹಾಲುಗೂಸಿಗೆ ಎದೆ ಕಟ್ಟಿತು. ಆಸ್ಪತ್ರೆ ಇದ್ದದ್ದು ಬೆಟ್ಟದಾಚೆ. ಹಿಮ ಬಿದ್ದು ದಾರಿ ಮುಚ್ಚಿಹೋಗಿತ್ತು. ಗಂಡ ಛೆವಾಂಗ್ ಸಲಿಕೆ ಹಿಡಿದು ದಾರಿ ಬಿಡಿಸಲು ಹೊರಟ. ಅವನು ಹಿಂತಿರುಗುವಷ್ಟರಲ್ಲಿ ಕೂಸು ತಾಯಿಯ ಮಡಿಲಲ್ಲೇ ತಣ್ಣಗಾಗಿತ್ತು. ಅಂದು ಮನೆಯ ಗೋಡೆಯ ಸಂದಿನಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯೇ ತನ್ನ ಕೂಸನ್ನು ಕೊಂದಿತು ಎಂದು ಅಂಗ್ಮೋ ನಂಬಿದಳು.

ಅದು ಛೆವಾಂಗನ ಅಜ್ಜ ಕಟ್ಟಿಸಿದ ಹಳೆಯ ಮನೆ. ದಪ್ಪ ಮಣ್ಣಿನ ಗೋಡೆ, ನಡುನಡುವೆ ಮರದ ಪಟ್ಟಿ. ಮೇಲೆ ದೇವದಾರು ತೊಲೆಗಳು, ಅವುಗಳ ಮೇಲೆ ಕಡ್ಡಿ ಹಾಸಿ ಮಣ್ಣು ಮೆತ್ತಿದ ಚಪ್ಪಟೆ ಮಾಡು. ಮಾಡಿನ ನಡುವೆ ಹೊಗೆ ಹೋಗಲು ಒಂದು ಕಿಂಡಿ. ಬೆಚ್ಚಗಿನ ಮನೆ ಎಂದು ಯಾರೂ ಹೇಳುವಂತಿರಲಿಲ್ಲ, ಆದರೆ ಮೂರು ತಲೆಮಾರಿನಿಂದ ಅದು ಅಲುಗದೆ ನಿಂತಿತ್ತು.

ಹಿಮ ಕರಗಿದ ಮೇಲೆ ಅಂಗ್ಮೋ ಗಂಡನ ಬೆನ್ನು ಬಿದ್ದಳು. ಗೋಡೆಯ ಸಂದುಗಳಿಗೆಲ್ಲ ಹುಲ್ಲು, ಹಳೆಯ ಉಣ್ಣೆ ತುಂಬಿಸಿದಳು. ಹೊರಗೋಡೆಗೆ ಸುತ್ತಲೂ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆಸಿ ಅದರ ಮೇಲೆ ಸಿಮೆಂಟು ಬಳಿಸಿದಳು. ಮಾಡಿನ ಮಣ್ಣು ತೆಗೆಸಿ, ಒಳಗೆ ಹುಲ್ಲು ಹಾಸಿ, ಅಲ್ಲಿಯೂ ಪ್ಲಾಸ್ಟಿಕ್ ಹೊದಿಸಿ ಮತ್ತೆ ಮಣ್ಣು ಮುಚ್ಚಿಸಿದಳು. ಒಲೆಯ ಹೊಗೆಗೆ ತಗಡಿನ ಕೊಳವೆ ಬಂತು. ಇನ್ನು ಕಿಂಡಿ ಏಕೆ ಎಂದು ಅದಕ್ಕೆ ಹಲಗೆ ಬಡಿಸಿದಳು. ಸಾಸಿವೆ ಕಾಳು ನುಸುಳುವಷ್ಟು ಜಾಗವನ್ನೂ ಬಿಡಬಾರದೆಂದು ಅವಳ ಹಟ. ಛೆವಾಂಗನಿಗೆ ಅನುಮಾನವಿತ್ತು. ಆದರೆ ಕೂಸು ಕಳೆದುಕೊಂಡ ತಾಯಿಗೆ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಕೆಲಸ ನೋಡಲು ಛೆವಾಂಗನ ಅಕ್ಕ ಪಾಲ್ಕಿತ್ ಬಂದಳು. ಅವಳ ಮನೆ ಇವರ ಮನೆಯಿದ್ದ ದಿಣ್ಣೆಯ ಮೇಲೇ ಇತ್ತು. ಒಳಗೆಲ್ಲ ಸುತ್ತು ಹಾಕಿ, ಹಲಗೆ ಬಡಿದ ಕಿಂಡಿಯ ಕೆಳಗೆ ನಿಂತು ಕೇಳಿದಳು:

"ಹೊರಗಿನ ಗಾಳಿಯನ್ನು ತಡೆದೆ, ಸರಿ. ನೀವು ಬಿಡುವ ಉಸಿರು, ಗಂಜಿಯ ಹಬೆ, ಒದ್ದೆ ಬಟ್ಟೆಯ ನೀರು, ಇವೆಲ್ಲ ಎಲ್ಲಿಗೆ ಹೋಗಬೇಕು?"

ಅಂಗ್ಮೋಗೆ ರೇಗಿತು. "ನಿನ್ನ ಮಕ್ಕಳೆಲ್ಲ ಬದುಕಿದ್ದಾರೆ. ನಿನಗೆ ಹೇಗೆ ಗೊತ್ತಾಗಬೇಕು?" ಎಂದುಬಿಟ್ಟಳು.

ಪಾಲ್ಕಿತ್ ಹೊರಟುಹೋದಳು. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮೊದಲ ಚಳಿಗಾಲ ಸುಖವಾಗಿ ಕಳೆಯಿತು. ಎರಡು ಕಟ್ಟಿಗೆ ಉರಿಸಿದರೆ ಸಾಕು, ಕೋಣೆ ಬೆಚ್ಚಗಾಗುತ್ತಿತ್ತು. ಹಿರಿಯ ಮಗಳು ಡಿಸ್ಕಿತ್ ಬರಿಗಾಲಲ್ಲಿ ಓಡಾಡಿದಳು. ಸಿಳ್ಳೆಯ ಸದ್ದಿಲ್ಲ. ತಾನು ಗೆದ್ದೆ ಎಂದುಕೊಂಡಳು ಅಂಗ್ಮೋ.

ಎರಡನೆಯ ಚಳಿಗಾಲದಲ್ಲಿ ಗೋಡೆಗಳು ಬೆವರತೊಡಗಿದವು. ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿರುತ್ತಿತ್ತು. ಮೂಲೆಯಲ್ಲಿ ಅಂಗೈಯಗಲದ ಒಂದು ಕಪ್ಪು ಕಲೆ ಮೂಡಿತು. ಒರೆಸಿದಳು. ಮತ್ತೆ ಬಂತು. ಬೂದಿ ಹಾಕಿ ಉಜ್ಜಿದಳು. ಈ ಸಲ ಇನ್ನೂ ಅಗಲವಾಗಿ ಬಂತು. ಹಾಸಿಗೆಯ ಅಡಿಗೆ ಕೈಯಿಟ್ಟರೆ ಜೌಗು ನೆಲವನ್ನು ಮುಟ್ಟಿದಂತಾಗುತ್ತಿತ್ತು. ಮನೆಯಲ್ಲಿ ಏನೋ ಕೊಳೆತ ವಾಸನೆ. ಡಿಸ್ಕಿತ್ ಕೆಮ್ಮತೊಡಗಿದಳು.

ಆ ಕೆಮ್ಮು ಕೇಳಿದಾಗಲೆಲ್ಲ ಅಂಗ್ಮೋ ಗೋಡೆಯ ಸಂದುಗಳನ್ನು ಕೈಯಿಂದ ತಡವಿ ನೋಡುತ್ತಿದ್ದಳು. ಚಳಿ ಇನ್ನೂ ಎಲ್ಲಿಂದಲೋ ನುಸುಳುತ್ತಿದೆ ಎಂದೇ ಅವಳು ತಿಳಿದಳು. ಕಿಟಕಿಗೆ ಕಂಬಳಿ ಬಡಿದಳು. ಬಾಗಿಲ ಅಡಿಗೆ ಚಿಂದಿ ತುರುಕಿದಳು. ಮಗಳು ಹಬೆ ಕುಡಿಯಲಿ ಎಂದು ಒಲೆಯ ಮೇಲೆ ಸದಾ ನೀರು ಕುದಿಯಲು ಇಟ್ಟಳು. ಕೆಮ್ಮು ಹೆಚ್ಚಾಯಿತು. ಹೆಚ್ಚಾದಷ್ಟೂ ಅವಳು ಮುಚ್ಚುತ್ತ ಹೋದಳು.

ಮೂರನೆಯ ಚಳಿಗಾಲ ಬಂತು. ಈಗ ಗೋಡೆಯೊಳಗಿಂದ ಸದ್ದು ಕೇಳಿಸುತ್ತಿತ್ತು. ಟಪ್. ಸ್ವಲ್ಪ ಹೊತ್ತು ಬಿಟ್ಟು, ಟಪ್. ಹೊರಗೆ ತೊರೆಯೇ ಹೆಪ್ಪುಗಟ್ಟಿರುವಾಗ ಗೋಡೆಯೊಳಗೆ ನೀರು ತೊಟ್ಟಿಕ್ಕುವುದು ಹೇಗೆ? ನೀರಿನ ದೈವ ಮುನಿದು ಮನೆ ಹೊಕ್ಕಿದೆ ಎಂದು ನೆರೆಯವರು ಪಿಸುಗುಟ್ಟಿದರು. ಅಂಗ್ಮೋ ಧೂಪ ಹಾಕಿದಳು, ಮೂಲೆ ಮೂಲೆಗೆ ಕೈಮುಗಿದಳು. ಸದ್ದು ನಿಲ್ಲಲಿಲ್ಲ. ಕಪ್ಪು ಕಲೆ ಗೋಡೆಯಿಂದ ಮಾಡಿಗೆ ಹತ್ತಿ ತೊಲೆಯ ಬುಡದ ತನಕ ಹೋಗಿತ್ತು. ಡಿಸ್ಕಿತ್ ಅದರತ್ತ ಬೆನ್ನು ಮಾಡಿ ಮಲಗುತ್ತಿದ್ದಳು.

ಆ ವರ್ಷ ಬಿಡುವಿಲ್ಲದೆ ಹಿಮ ಬಿತ್ತು. ಒಂದು ಮಧ್ಯಾಹ್ನ ಛೆವಾಂಗ್ ಮಾಡಿನ ಮೇಲೆ ಹಿಮ ಎಳೆಯುತ್ತಿದ್ದವನು ಕೆಲಸ ಅರ್ಧಕ್ಕೇ ಬಿಟ್ಟು ಕೆಳಗಿಳಿದ. ಕಾಲಿಟ್ಟ ಕಡೆ ಮಾಡು ಹಾಸಿಗೆಯಂತೆ ಕುಸಿಯುತ್ತಿದೆ ಎಂದ.

ಅಂಗ್ಮೋ ಆಗ ಒದ್ದೆ ಬಟ್ಟೆ ಹರವುತ್ತಿದ್ದಳು. ತೊಲೆಗೆ ಹೊಡೆದಿದ್ದ ಗೂಟಕ್ಕೆ ಹಗ್ಗ ಬಿಗಿದು ಎಳೆದಳು. ಗೂಟ ಸುತ್ತಲಿನ ಮರದ ಸಮೇತ ಕಿತ್ತು ಕೈಗೆ ಬಂತು. ಆ ತೂತಿನೊಳಗೆ ಬೆರಳಿಟ್ಟಳು. ನೆನೆಸಿಟ್ಟ ರೊಟ್ಟಿಯೊಳಗೆ ಇಳಿದಂತೆ ಬೆರಳು ತೊಲೆಯೊಳಗೆ ಇಳಿಯಿತು. ಒಳಗಿಂದ ಕೊಳೆತು ಕಪ್ಪಾದ ಮಾಡಿನ ಹುಲ್ಲು ಉದುರಿತು, ಅದರ ಹಿಂದೆಯೇ ತಣ್ಣನೆಯ ನೀರು ಅವಳ ಮೊಣಕೈ ತನಕ ಹರಿಯಿತು.

ಅವಳಿಗೆ ಈಗ ಅರ್ಥವಾಯಿತು. ಆ ನೀರು ಆಕಾಶದ್ದಲ್ಲ, ತೊರೆಯದ್ದೂ ಅಲ್ಲ. ಮೂರು ಚಳಿಗಾಲ ಈ ಕೋಣೆಯಲ್ಲಿ ಕುದಿಸಿದ್ದು, ಒಣಗಿಸಿದ್ದು, ಉಸಿರಾಡಿದ್ದು ಎಲ್ಲವೂ ಹುಲ್ಲಿನೊಳಗೆ ನುಸುಳಿ, ತಣ್ಣಗಿನ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿತ್ತು. ಬೇಸಿಗೆಯಲ್ಲೂ ಆರಲು ದಾರಿಯಿಲ್ಲದೆ ಅಲ್ಲೇ ನಿಂತು ತೊಲೆಯನ್ನು ತಿಂದಿತ್ತು.

ಮೇಲೆ ಮರ ನರಳಿತು. ಹಿಡಿ ಮಣ್ಣು ಒಲೆಯ ಮೇಲೆ ಉದುರಿತು.

ಅಕ್ಕನ ಮನೆಗೆ ಹೋಗೋಣ, ಈಗಲೇ ಹೊರಡು ಎಂದ ಛೆವಾಂಗ್. ಅಂಗ್ಮೋ ಬಾಗಿಲು ತೆರೆದಳು. ಬಿರುಗಾಳಿಗೆ ಹಿಮ ಸುಯ್ಯೆಂದು ಒಳನುಗ್ಗಿ ಮುಖಕ್ಕೆ ಬಡಿಯಿತು. ಎದುರಿನ ದಾರಿಯೇ ಕಾಣದು. ಅವಳು ಬಾಗಿಲು ದೂಡಿ ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ನಿಂತುಬಿಟ್ಟಳು. ಮಗಳ ಮೈ ಜ್ವರದಿಂದ ಸುಡುತ್ತಿತ್ತು.

"ಈ ಗಾಳಿಗೆ ಒಡ್ಡಿದರೆ ಇವಳೂ ಹೋಗುತ್ತಾಳೆ," ಎಂದಳು.

"ಇಲ್ಲೇ ಇದ್ದರೆ ಮೂವರೂ ಹೋಗುತ್ತೇವೆ," ಎಂದ ಅವನು.

ಅವಳಿಗೂ ಅದು ಗೊತ್ತಿತ್ತು. ಆದರೂ ಕಾಲು ನೆಲಕ್ಕೆ ಅಂಟಿದಂತಿತ್ತು. ಹೊರಗಿರುವುದು ತನ್ನ ಕೂಸನ್ನು ಕೊಂದ ಚಳಿ. ಅದರ ಕೈಗೆ ಇನ್ನೊಂದು ಮಗುವನ್ನು ತಾನೇ ಕೊಡುವುದು ಹೇಗೆ? ತಲೆಯ ಮೇಲೆ ಮರ ಮತ್ತೆ ನರಳಿತು. ಛೆವಾಂಗ್ ಅವಳ ತೋಳು ಹಿಡಿದೆಳೆದ. ಅವಳು ಕದಲಲಿಲ್ಲ.

ಆಗ ಕಂಬಳಿಯೊಳಗಿಂದ ಡಿಸ್ಕಿತ್ ಹೇಳಿದಳು: "ಅಮ್ಮಾ, ಇಲ್ಲಿ ನನಗೆ ಉಸಿರು ಸಿಗುವುದಿಲ್ಲ."

ಅಂಗ್ಮೋ ಮಗಳ ಮುಖ ನೋಡಿದಳು. ತುಟಿಗಳು ನೀಲಿಯಾಗಿದ್ದವು. ಬೆಚ್ಚಗಿನ ಕೋಣೆಯಲ್ಲಿ, ಒಲೆಯ ಪಕ್ಕದಲ್ಲೇ ನೀಲಿಯಾಗಿದ್ದವು. ಅವಳು ಮಗುವನ್ನು ಎದೆಗೆ ಕಟ್ಟಿಕೊಂಡು ಬಾಗಿಲು ತೆರೆದಳು.

ಛೆವಾಂಗ್ ಮುಂದೆ ಹಿಮ ತುಳಿಯುತ್ತ ಹೋದ, ಅವಳು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಹಿಂದೆ ನಡೆದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಯಾರೋ ಧಾನ್ಯದ ಮೂಟೆ ಇಳಿಸಿದಂತೆ. ಅವಳು ತಿರುಗಿ ನೋಡಲಿಲ್ಲ. ಎದೆಯ ಮೇಲಿನ ಉಸಿರು ನಿಂತಿತೇನೋ ಎಂದು ಹೆಜ್ಜೆಗೊಮ್ಮೆ ಕಂಬಳಿಯೊಳಗೆ ಕೆನ್ನೆಯಿಟ್ಟು ನೋಡುತ್ತಿದ್ದಳು.

ಪಾಲ್ಕಿತ್ ಬಾಗಿಲು ತೆರೆದಳು. ಹಳೆಯ ಮಾತೊಂದನ್ನೂ ಎತ್ತದೆ ಮಗುವನ್ನು ಎತ್ತಿಕೊಂಡಳು.

ಆ ಮನೆ ಅಷ್ಟು ಬೆಚ್ಚಗಿರಲಿಲ್ಲ. ಮಾಡಿನ ಕಿಂಡಿ ತೆರೆದೇ ಇತ್ತು, ಅದರಾಚೆ ಬೂದು ಆಕಾಶ ಕಾಣುತ್ತಿತ್ತು. ಅಂಗ್ಮೋಳ ಕಣ್ಣು ಅದರ ಮೇಲೇ. ಚಳಿ ಅಲ್ಲಿಂದ ಇಳಿದು ಮಗಳ ಹಾಸಿಗೆಗೇ ಬರುತ್ತಿದೆ ಎನಿಸುತ್ತಿತ್ತು. ಕೊನೆಗೆ ತಡೆಯಲಾರದೆ, ಕಿಂಡಿ ಮುಚ್ಚು ಅಕ್ಕಾ ಎಂದು ಬೇಡಿಕೊಂಡಳು.

"ಅದನ್ನು ಮುಚ್ಚಿದರೆ ಈ ಮನೆಯೂ ನಿನ್ನ ಮನೆಯ ಹಾಗೆ ಆಗುತ್ತದೆ," ಎಂದಳು ಪಾಲ್ಕಿತ್. "ಹೊದಿಸಲು ಇನ್ನೊಂದು ಕಂಬಳಿ ಕೊಡುತ್ತೇನೆ. ಆದರೆ ಗಾಳಿ ಅವಳಿಗೆ ಬೇಕೇ ಬೇಕು."

ದಾರಿ ತೆರೆಯಿತೆಂದು ಸುದ್ದಿ ಬಂದ ಕೂಡಲೇ ಛೆವಾಂಗ್ ಮಗಳನ್ನು ಬೆಟ್ಟದಾಚೆಯ ಆಸ್ಪತ್ರೆಗೆ ಹೊತ್ತೊಯ್ದ. ವೈದ್ಯರು ಔಷಧ ಕೊಟ್ಟು, ಮಗುವನ್ನು ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗಿಸಬೇಡಿ ಎಂದರು. ಹಿಮ ಕರಗುವ ಹೊತ್ತಿಗೆ ಡಿಸ್ಕಿತ್ ಎದ್ದು ಓಡಾಡುತ್ತಿದ್ದಳು.

ಕುಸಿದುಬಿದ್ದ ಹಳೆಯ ಮನೆಯ ಅವಶೇಷ ಬಿಡಿಸಿದಾಗ ಊರವರೆಲ್ಲ ನೋಡಿದರು. ತೊಲೆಗಳ ತುದಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ದೈವದ ಮಾತಾಡಿದವರೂ ಹಿಸುಕಿ ನೋಡಿದರು. ಅಂಗ್ಮೋ ಪಾಲ್ಕಿತ್ ಮುಂದೆ ತಲೆತಗ್ಗಿಸಿ, ನಿನ್ನ ಮಕ್ಕಳ ಮಾತೆತ್ತಬಾರದಿತ್ತು ಎಂದಳು. ಪಾಲ್ಕಿತ್ ಅವಳ ಕೈಗೊಂದು ಬುಟ್ಟಿ ಕೊಟ್ಟು, ಬಾ, ಮಣ್ಣು ಹೊರೋಣ ಎಂದಳು.

ಹೊಸ ಮನೆಯ ಗೋಡೆಗೂ ಉಣ್ಣೆ ತುಂಬಿದರು, ಆದರೆ ಬಿಸಿಲಿಗೆ ಗರಿಗರಿ ಒಣಗಿಸಿ. ಒಳಗೂ ಹೊರಗೂ ಮಣ್ಣನ್ನೇ ಮೆತ್ತಿದರು. ಮಣ್ಣು ಒದ್ದೆಯನ್ನು ಹೀರುತ್ತದೆ, ಹೀರಿದ್ದನ್ನು ಬಿಡುತ್ತದೆ. ಹಿಮದ ನೀರು ಬುಡಕ್ಕೆ ನಿಲ್ಲದಂತೆ ಸುತ್ತ ಇಳಿಜಾರಾಗಿ ಕಲ್ಲು ಹಾಸಿದರು. ಮಾಡಿನ ಕಿಂಡಿಗೆ ಹಗ್ಗ ಎಳೆದು ಹೆಚ್ಚು ಕಡಿಮೆ ಮಾಡುವ ಮುಚ್ಚಳ ಇಟ್ಟರು.

ಮೊದಲ ಹಿಮ ಬಿದ್ದ ಸಂಜೆ ಅಂಗ್ಮೋ ಒಲೆಯ ಮುಂದೆ ಕುಳಿತಿದ್ದಳು. ಗಂಜಿಯ ಹಬೆ ಮೇಲೆದ್ದು ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಅಲ್ಲಿಂದಲೇ ಚಳಿಯ ಒಂದು ಎಳೆ ಕೆಳಗಿಳಿದು ಅವಳ ಕುತ್ತಿಗೆ ಮುಟ್ಟಿತು. ಹಳೆಯ ಭಯ ಅಷ್ಟೂ ಒಮ್ಮೆಗೇ ಎದ್ದು ಬಂತು. ಅವಳು ಎದ್ದು ಹಗ್ಗಕ್ಕೆ ಕೈ ಹಾಕಿದಳು. ಇನ್ನೊಂದು ಕೈಯಿಂದ ಗೋಡೆ ಮುಟ್ಟಿ ನೋಡಿದಳು. ಒಣಗಿತ್ತು.

ಆಮೇಲೆ ಹಗ್ಗ ಬಿಟ್ಟು, ಮಗಳ ಹೆಗಲಿಗೆ ಇನ್ನೊಂದು ಶಾಲು ಹೊದಿಸಿ ಬಂದು ಕುಳಿತಳು.

ನೀತಿ: ಹೊರಗಿನ ಅಪಾಯಕ್ಕೆ ಹೆದರಿ ಎಲ್ಲ ಕಿಂಡಿ ಮುಚ್ಚಿದವನು, ಒಳಗೆ ಹುಟ್ಟುವ ಅಪಾಯವನ್ನು ತನ್ನ ಜೊತೆಗೇ ಕೂಡಿಹಾಕಿಕೊಳ್ಳುತ್ತಾನೆ. ಪ್ರೀತಿಯವರನ್ನು ಬೆಚ್ಚಗಿಡಿ, ಆದರೆ ಅವರು ಉಸಿರಾಡಲು ದಾರಿ ಬಿಡಿ.