ಎರಡನೆಯ ಅಳತೆ

"ಗುರುಗಳೇ, ಒಬ್ಬರ ಮಿದುಳಿಗೂ ಇನ್ನೊಬ್ಬರ ಮಿದುಳಿಗೂ ಇರುವ ವ್ಯತ್ಯಾಸವನ್ನು ಅಳೆಯಬಹುದೇ?" ಎಂದು ತಿಪ್ಪೇಶ ಕೇಳಿದ. ಅವನು ಮಠಕ್ಕೆ ಸೇರಿದ್ದು ಹಿಂದಿನ ದಿನ. ಬೆಳಗಿನ ಪಾಠದಲ್ಲಿ ಉಳಿದವರೆಲ್ಲ ಪದ್ಯಗಳನ್ನು ಪಟಪಟ ಒಪ್ಪಿಸಿದ್ದರು, ಇವನೊಬ್ಬ ತಡವರಿಸಿದ್ದ. ತನ್ನ ತಲೆಯೇ ಮಂದ, ಊರಿಗೆ ಹೋಗಿಬಿಡುವುದೇ ಸರಿ ಎಂದುಕೊಂಡು ಅಪ್ಪಣೆ ಕೇಳಲು ಬಂದಿದ್ದ.

ಅಳೆಯಬಹುದು, ಹಿಂದೆ ಒಬ್ಬ ವ್ಯಾಪಾರಿ ಅಳೆದಿದ್ದ ಎಂದು ಗುರುಗಳು ಕತೆ ಶುರುಮಾಡಿದರು.

ಆ ವ್ಯಾಪಾರಿಗೆ ಓದುಬರಹ ಬಾರದು. ಊರೂರಿನ ಅಂಗಡಿಗಳಿಗೆ ಹೋಗಿ, ಯಾರಿಗೆ ಏನು ಬೇಕೆಂದು ಕೇಳಿ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬಂದು ಹೇಳುವ ಒಬ್ಬ ಆಳು ಬೇಕಾಗಿತ್ತು. ಇಬ್ಬರು ಬಂದರು. ವ್ಯಾಪಾರಿ ಅರವತ್ತು ಸಾಮಾನುಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿ, ತಿರುಗಿ ಒಪ್ಪಿಸಿ ಎಂದ. ಒಬ್ಬ ನಲವತ್ತು ಹೇಳಿದ, ಇನ್ನೊಬ್ಬ ಮೂವತ್ತಕ್ಕೆ ನಿಂತ. ವ್ಯಾಪಾರಿಗೆ ಹಿಗ್ಗೋ ಹಿಗ್ಗು. ಎರಡು ತಲೆಗಳ ನಡುವಿನ ಅಂತರ ಹತ್ತು ಸಾಮಾನು ಎಂದು ಸಾರಿ, ಮೊದಲನೆಯವನನ್ನು ಜಾಣನೆಂದೂ ಎರಡನೆಯವನನ್ನು ದಡ್ಡನೆಂದೂ ಕರೆದ. ಊಟ ಮಾಡಿ ನಾಳೆ ಹೊರಡು ಎಂದು ದಡ್ಡನಿಗೆ ಹೇಳಿದ. ಈ ಕೆಲಸವನ್ನೇ ನಂಬಿ ಬಂದಿದ್ದ ಅವನು ಎರಡೇ ತುತ್ತು ತಿಂದು ಎದ್ದ.

ಮರುದಿನ ವ್ಯಾಪಾರಿ ಜಾಣನ ಜಾಣತನವನ್ನು ತಾಯಿಗೆ ತೋರಿಸಲು ಹೋಗಿ ಬೇರೆ ಅರವತ್ತು ಹೆಸರು ಹೇಳಿದ. ಹೊಟ್ಟೆ ಬಿರಿಯುವಂತೆ ಹೋಳಿಗೆ ತಿಂದು ಮಲಗಿದ್ದ ಜಾಣ ಇಪ್ಪತ್ತೆಂಟಕ್ಕೇ ಆಕಳಿಸಿದ. ಹೊರಟು ಬಾಗಿಲಲ್ಲಿ ನಿಂತಿದ್ದ ದಡ್ಡ ಅಲ್ಲಿಂದಲೇ ನಲವತ್ತೊಂದು ಹೇಳಿದ. ಆತುರಗಾರನಿಗೆ ಬುದ್ಧಿ ಮಟ್ಟ. ವ್ಯಾಪಾರಿ ದಡ್ಡನನ್ನು ಒಳಗೆ ಕರೆದು ಜಾಣನನ್ನು ಹೊರಗೆ ಕಳಿಸಿದ. ಮೂರನೆಯ ದಿನ ಇಬ್ಬರನ್ನೂ ಮತ್ತೆ ಅಳೆದ, ಮತ್ತೆ ಅದಲುಬದಲು. ಹೊಸ್ತಿಲು ದಾಟಿ ದಾಟಿ ಇಬ್ಬರಿಗೂ ಸಾಕಾಯಿತು.

ತಾಯಿ ನಗು ತಡೆದುಕೊಂಡು ಹೇಳಿದಳು: "ಮೊದಲು ಒಬ್ಬನ ತಲೆ ದಿನದಿಂದ ದಿನಕ್ಕೆ ಎಷ್ಟು ಏರಿಳಿಯುತ್ತದೆ ನೋಡಪ್ಪ. ಇಬ್ಬರನ್ನು ಹೋಲಿಸುವುದು ಆಮೇಲೆ."

ವ್ಯಾಪಾರಿ ಇಬ್ಬರನ್ನೂ ಇಪ್ಪತ್ತು ದಿನ ಇಟ್ಟುಕೊಂಡು ಅಳೆದ. ವ್ಯತ್ಯಾಸವೇನೋ ಇತ್ತು, ಎರಡೇ ಎರಡು ಸಾಮಾನಿನದು. ಮುಂದಿದ್ದವನು ದಡ್ಡ.

ತಿಪ್ಪೇಶನ ಮುಖ ಅರಳಿತು. "ಹಾಗಾದರೆ ನನ್ನ ತಲೆಯೂ ಚುರುಕೇ, ಗುರುಗಳೇ?"

"ಗೊತ್ತಿಲ್ಲಪ್ಪ, ನಿನ್ನನ್ನು ಅಳೆದಿರುವುದು ಒಂದೇ ದಿನ" ಎಂದರು ಗುರುಗಳು.

ತಿಪ್ಪೇಶ ಅಪ್ಪಣೆ ಕೇಳದೆ ನಾಳೆಯ ಪದ್ಯ ಕಲಿಯಲು ಎದ್ದುಹೋದ.