ಖಾಲಿ ಗೂಡಿಗೆ ಬಿದ್ದ ಏಟು

ಮೊಣ್ಣಪ್ಪ ಜಗಲಿ ಹತ್ತಿದಾಗ ಅವನ ಕಿವಿ ಇನ್ನೂ ಉರಿಯುತ್ತಿತ್ತು.

"ಬಂದೆಯಾ? ಇದಕ್ಕೆ ಎಣ್ಣೆ ಹಚ್ಚು," ಎಂದು ಗುರು ಉತ್ತಯ್ಯನವರು ಒಂದು ರಿವಾಲ್ವರನ್ನು ಅವನ ಕೈಗಿಟ್ಟು ಹೊಳೆಗೆ ಇಳಿದರು.

ಉತ್ತಯ್ಯನವರು ಸೈನ್ಯದಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದವರು. ಈಗ ನೂರು ವರ್ಷ ದಾಟಿದ ಪುಟ್ಟ ರಿವಾಲ್ವರುಗಳನ್ನು ಹುಡುಕಿ ಕೂಡಿಡುತ್ತಾರೆ. ಮನೆ ಹಿಂದಿನ ಮಣ್ಣುದಿಬ್ಬಕ್ಕೆ ಗುರಿಯಿಟ್ಟು ಹೊಡೆಯಲು ಕಲಿಸುತ್ತಾರೆ. ಮೊಣ್ಣಪ್ಪ ನಾಲ್ಕು ವರ್ಷದಿಂದ ಅವರ ಶಿಷ್ಯ.

ಅವತ್ತು ಬೆಳಿಗ್ಗೆ ಪೇಟೆಯಲ್ಲಿ, ನಾಲ್ಕು ಜನರ ಮುಂದೆ, ಪೆಮ್ಮಯ್ಯ ಹೇಳಿದ್ದ: "ನಿನ್ನ ಮೇಷ್ಟ್ರಿಗೆ ಗುರಿ ಎಲ್ಲಿ ಉಂಟು ಮಾರಾಯ? ತುಕ್ಕು ಒರೆಸುವ ಮುದುಕ. ಕೈ ನಡುಗುತ್ತದೆ, ಅದಕ್ಕೇ ಬಾಯಲ್ಲಿ ಶಾಸ್ತ್ರ."

ಪೆಮ್ಮಯ್ಯನೂ ಇಂಥ ರಿವಾಲ್ವರುಗಳನ್ನೇ ಕೂಡಿಡುವವನು. ಬರುವ ಭಾನುವಾರ ಅವುಗಳದೇ ಗುರಿಪಂದ್ಯ. ಅಲ್ಲಿ ಉತ್ತರ ಕೊಡುತ್ತೇನೆಂದು ಮೊಣ್ಣಪ್ಪ ಮೀಸೆ ಮುಟ್ಟಿ ಬಂದಿದ್ದ.

ಸಿಲಿಂಡರ್ ನೋಡಿದ. ಖಾಲಿ. ಮತ್ತೊಮ್ಮೆ ನೋಡಿದ. ಗುಂಡಿನ ತೋಟಾ ಕೂರುವ ಏಳು ಗೂಡೂ ಖಾಲಿ.

ದಿಬ್ಬದ ಮುಂದೆ ಒಂದು ಹಲಸಿನ ಬೊಡ್ಡೆ. ನೋಡನೋಡುತ್ತಾ ಬೊಡ್ಡೆಗೆ ಪೆಮ್ಮಯ್ಯನ ಮೂಗು ಬಂತು, ಆ ನಗು ಬಂತು. ಮೊಣ್ಣಪ್ಪ ಗುರಿಯಿಟ್ಟು ಒತ್ತುತ್ತಲೇ ಹೋದ.

ಟಕ್. ಟಕ್. ಟಕ್.

"ನಿಲ್ಲಿಸು!"

ನಾಲ್ಕು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಉತ್ತಯ್ಯನವರು ಒದ್ದೆ ಕೈಯಲ್ಲೇ ಮೆಟ್ಟಿಲೇರಿ ಬಂದು ರಿವಾಲ್ವರನ್ನು ಕಸಿದುಕೊಂಡರು.

"ಎಷ್ಟು ಸಲ ಒತ್ತಿದೆ?"

"ಏಳು ಗೂಡಿಗೂ ಮೂರು ಸುತ್ತು."

"ಯಾರಿಗೆ?"

"ಪೆಮ್ಮಯ್ಯನಿಗೆ."

"ಸತ್ತನಾ?"

"ಖಾಲಿ ಇತ್ತಲ್ಲ ಮೇಷ್ಟ್ರೇ! ಎರಡೆರಡು ಸಲ ನೋಡಿದ್ದೇನೆ. ನೀವು ಕಲಿಸಿದ ಹಾಗೇ."

"ಖಾಲಿ ಇದ್ದರೆ ಏಟು ಎಲ್ಲಿಗೆ ಹೋಯಿತು?"

ಮೊಣ್ಣಪ್ಪ ಹಲಸಿನ ಬೊಡ್ಡೆಯತ್ತ ನೋಡಿದ.

ಗುರು ಸಿಲಿಂಡರನ್ನು ಬಿಚ್ಚಿ, ಭೂತಕನ್ನಡಿಯ ಜೊತೆ ಮೇಜಿನ ಮೇಲೆ ಕುಕ್ಕಿದರು. "ಕಣ್ಣು ಉಂಟಲ್ಲ? ನೋಡು."

ಏಳು ಗೂಡು. ಏಳರ ಬಾಯಂಚಿನಲ್ಲೂ ಹೊಸದಾಗಿ ಹೊಳೆಯುವ ಒಂದೊಂದು ತಗ್ಗು.

"ಈ ತೋಟಾಕ್ಕೆ ಮದ್ದು ಇರುವುದು ಅಂಚಿನಲ್ಲಿ. ಹ್ಯಾಮರಿನ ಮೂತಿ ಬಡಿಯುವುದೂ ಅಂಚಿಗೇ. ತೋಟಾ ಇದ್ದರೆ ಅದರ ಹಿತ್ತಾಳೆ ಏಟು ತಿನ್ನುತ್ತದೆ. ಇಲ್ಲದಿದ್ದರೆ ಗೂಡೇ ತಿನ್ನಬೇಕು. ಮೊದಲ ದಿನ ಹೇಳಿದ ಪಾಠ ಇದು. ಹೌದೋ ಅಲ್ಲವೋ?"

"ಹೌದು."

ಉತ್ತಯ್ಯನವರು ಒಂದು ತೋಟಾವನ್ನು ಗೂಡಿಗೆ ಇಳಿಬಿಟ್ಟರು. ಅದು ಬಾಯಲ್ಲೇ ಸಿಕ್ಕಿಕೊಂಡಿತು. ಒಳಕ್ಕೆ ಉಬ್ಬಿದ ಕಬ್ಬಿಣ ಅದನ್ನು ತಡೆದಿತ್ತು.

ಮೊಣ್ಣಪ್ಪನಿಗೂ ರೇಗಿತು. "ನನ್ನ ಸಲುವಾಗಿ ಒತ್ತಿದೆನಾ? ಅವನು ನಿಮ್ಮನ್ನ ಮುದುಕ ಅಂದ!"

"ನಾನು ಮುದುಕ ಅಲ್ಲವಾ?"

"ನಿಮ್ಮ ಕೈ ನಡುಗುತ್ತದೆ ಅಂದ!"

"ನಡುಗುತ್ತದೆ." ಗುರು ಕೈ ಚಾಚಿ ತೋರಿಸಿದರು. ನಡುಗುತ್ತಿತ್ತು. "ಅವನು ಪೇಟೆಯಲ್ಲಿ ನನ್ನನ್ನು ಬೈದ. ನನಗೆ ಏನೂ ಆಗಲಿಲ್ಲ. ನೀನು ನನ್ನ ಪರ ಸಿಟ್ಟಾದೆ. ನನಗೆ ಎಷ್ಟಾಯಿತು ನೋಡು."

ಮೊಣ್ಣಪ್ಪ ತಲೆ ತಗ್ಗಿಸಿದ. ಸಿಟ್ಟು ಮಾತ್ರ ತಗ್ಗಲಿಲ್ಲ.

"ಅರ ಕೊಡಿ. ಉಜ್ಜಿ ಸರಿ ಮಾಡ್ತೇನೆ."

"ಅರ ಕಬ್ಬಿಣವನ್ನು ತಿಂದುಹಾಕುತ್ತದೆ. ಇದ್ದದ್ದೂ ಹೋಗುತ್ತದೆ." ಉತ್ತಯ್ಯನವರು ಬೆರಳುದ್ದದ, ತುದಿ ಸಣ್ಣಗಾದ ಒಂದು ಉಕ್ಕಿನ ಕಡ್ಡಿ ಕೊಟ್ಟರು. "ಇದನ್ನು ಗೂಡಿಗೆ ತೂರಿಸಿ ಒತ್ತಿ ತಿರುಗಿಸು. ಕೂದಲೆಳೆಯಷ್ಟು. ಸರಿದ ಕಬ್ಬಿಣ ತನ್ನ ಜಾಗಕ್ಕೆ ವಾಪಸ್ ಹೋಗಬೇಕು. ತೋಟಾ ತನ್ನ ಭಾರಕ್ಕೇ ಏಳು ಗೂಡಿಗೂ ಇಳಿಯುವ ತನಕ ನೀನು ಟ್ರಿಗರ್ ಮುಟ್ಟಬೇಡ. ಆಗುವುದಿಲ್ಲ ಅಂದರೆ ನಾಳೆಯಿಂದ ಈ ಮೆಟ್ಟಿಲು ಹತ್ತಬೇಡ."

"ಭಾನುವಾರ ಪಂದ್ಯ ಉಂಟು ಮೇಷ್ಟ್ರೇ!"

"ಇರಲಿ."

ಸೋಮವಾರ ಅವನು ಹಲ್ಲು ಕಚ್ಚಿಕೊಂಡು ಒತ್ತಿದ. ಕಡ್ಡಿ ಜಾರಿ ಹೆಬ್ಬೆರಳು ಸೀಳಿತು. ಮಂಗಳವಾರ ಕಡ್ಡಿಯನ್ನೇ ಅಂಗಳಕ್ಕೆ ಎಸೆದ. ತಾನೇ ಹೋಗಿ ಹುಡುಕಿ ತಂದ. ಗುರು ಕಂಡರೂ ಕಾಣದ ಹಾಗೆ ಕೂತಿದ್ದರು. ಶನಿವಾರ ಸಂಜೆಗೆ ಆರು ಗೂಡು ಸರಿಯಾದವು. ಏಳನೆಯದು ಜಗ್ಗಲಿಲ್ಲ.

ಭಾನುವಾರ ಪಂದ್ಯದ ಸದ್ದು ಹೊಳೆಯಾಚೆಯಿಂದ ಕೇಳಿಸುತ್ತಲೇ ಇತ್ತು. ಮೊಣ್ಣಪ್ಪ ಏಳನೆಯ ಗೂಡಿನಲ್ಲಿ ಕಡ್ಡಿ ತಿರುಗಿಸುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ತೋಟಾ ಮೆತ್ತಗೆ ಒಳಗಿಳಿದು ಕೂತಿತು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಪೆಮ್ಮಯ್ಯ! ಕೈಯಲ್ಲಿ ಅವನ ಅಜ್ಜನ ರಿವಾಲ್ವರ್.

"ಮೊದಲ ಸುತ್ತಿಗೆ ಒತ್ತಿ ತೂರಿಸಿದೆ, ಎರಡನೇ ಸುತ್ತಿಗೆ ತೋಟಾ ಒಳಗೇ ಹೋಗಲಿಲ್ಲ," ಅಂದ ಪೆಮ್ಮಯ್ಯ, ಯಾರ ಮುಖವನ್ನೂ ನೋಡದೆ. "ಪಂದ್ಯದಿಂದ ಹೊರಗೆ ಹಾಕಿದರು."

"ತುಕ್ಕು ಒರೆಸುವವರ ಮನೆಗೆ ದಾರಿ ಹೇಗೆ ಗೊತ್ತಾಯಿತು?" ಮೊಣ್ಣಪ್ಪ ಎದ್ದು ನಿಂತ.

"ಬೈಯಿ ಮಾರಾಯ. ಬೈದಾದ ಮೇಲೆ ಸರಿ ಮಾಡಿಕೊಡಿ ಮೇಷ್ಟ್ರೇ."

ಉತ್ತಯ್ಯನವರು ರಿವಾಲ್ವರ್ ತೆಗೆದುಕೊಂಡು, ಖಾಲಿಯೇ ಎಂದು ಎರಡು ಸಲ ನೋಡಿ, ಸಿಲಿಂಡರ್ ಬಿಚ್ಚಿ ಶಿಷ್ಯನ ಮುಂದಿಟ್ಟರು.

"ಇವನದ್ದನ್ನಾ? ನಾನಾ? ಸತ್ತರೂ ಮಾಡುವುದಿಲ್ಲ!"

"ಈ ಕೆಲಸಕ್ಕೆ ನನ್ನ ಕೈ ನಡುಗುತ್ತದೆ. ಕಲಿತ ಕೈ ನಿನ್ನದು."

ಪೆಮ್ಮಯ್ಯನ ಕಿವಿ ಕೆಂಪಾಯಿತು. ಅವನು ಅಂಗಳಕ್ಕಿಳಿದು ಹೊಳೆಗೆ ಮುಖ ಮಾಡಿ ನಿಂತ.

ಬೈಗುಳ ಮೊಣ್ಣಪ್ಪನ ನಾಲಗೆಯ ತುದಿಗೆ ಬಂದಿತ್ತು. ಕೈ ಭೂತಕನ್ನಡಿಯತ್ತ ಹೋಯಿತು.

ಒಂದೊಂದು ಗೂಡಿನ ಅಂಚಿನಲ್ಲೂ ತಗ್ಗು. ತಗ್ಗಿನ ಮೇಲೆ ತಗ್ಗು. ಕೆಲವು ಹೊಸವು, ಕೆಲವು ಹಳೆಯವಾಗಿ ಕಪ್ಪಿಟ್ಟವು. ಒಂದು ದಿನದ ಸಿಟ್ಟಲ್ಲ ಅದು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಅಂಗಳಕ್ಕೆ ಕೇಳಿಸದಂತೆ ಕೇಳಿದ: "ಇಷ್ಟು ವರ್ಷ ಯಾರ ಮೇಲೆ ಒತ್ತಿದ್ದಾನೆ ಮೇಷ್ಟ್ರೇ ಇವನು?"

ಉತ್ತಯ್ಯನವರು ಕಡ್ಡಿಯನ್ನು ಅವನತ್ತ ಸರಿಸಿದರು.

"ಯಾರ ಮೇಲಾದರೇನು? ಆಳವಾದದ್ದರಿಂದ ಶುರು ಮಾಡು."